ಸುಮ್ಮನಾದಾಗಿನ ಶ್ರುತಿ

ಇವನು ಬೇಕೆಂದೇ ಮಾಡಿದನೇ? ಅಥವಾ... ನಾನೇ ದುಡುಕುತ್ತಿದ್ದೇನೆಯೇ?

ಸುನಿತಾ ಮೈಕಿನ ಮುಂದೆ ನಿಂತೇ ಇದ್ದಳು. ಭಜನೆಯ ಎರಡನೆಯ ಸಾಲು ಮುಗಿಸಿ ಅವಳು ಸುಮ್ಮನಾದ ಕೂಡಲೇ ಹಿನ್ನೆಲೆಯ ಶ್ರುತಿಯೂ ಸತ್ತುಹೋಗಿತ್ತು. ಗಂಗಾವತಿಯ ಆ ಸಭಾಂಗಣ ಇನ್ನೂ ಖಾಲಿ. ಸಂಜೆ ತುಂಬುತ್ತದೆ. ಅವಳ ಮೊದಲ ಕಾರ್ಯಕ್ರಮ. ಆಗಲೂ ಹೀಗೇ ಆದರೆ?

ಶ್ರುತಿ ಹಿಡಿಯಲೆಂದು ಸಂಘಟಕರು ಜೊತೆಗೆ ಹಾಕಿದ್ದ ಕೊಪ್ಪಳದ ಹಾಲೇಶನ ಪರಿಚಯವಾಗಿದ್ದು ಅಂದೇ ಮಧ್ಯಾಹ್ನ. ತಾನೇ ಜೋಡಿಸಿದ ಸಿಂಥಸೈಜರಿನ ವೈರುಗಳ ನಡುವೆ ಅವನು ತಲೆ ತಗ್ಗಿಸಿ ಕೂತಿದ್ದ.

"ನಡುವ ಶ್ರುತಿ ಕಿತ್ಗೊಂಡ್ರಲ್ಲ, ಚೇಷ್ಟಿ ಮಾಡ್ತೀರೇನ್ರಿ? ನಮ್ಮ ಭಜನಿ ಮಂಡಳಿ ಉಮರಸಾಬರ ಹಾರ್ಮೋನಿಯಂ ತರಸ್ತೀನಿ ನಾ," ಎಂದಳು ಸುನಿತಾ.

"ನಾ ಕೈ ಹಚ್ಚಿಲ್ರಿ. ನಿಮ್ಮ ದನೀನ ಅದನ್ನ ನಡಸ್ತೈತಿ."

ಮೈಕಿನಿಂದ ಅವಳ ದನಿ ವಿದ್ಯುತ್ತಿನ ವೋಲ್ಟೇಜಾಗಿ, ದನಿಗಳನ್ನು ಕೂಡಿಸುವ ಮಿಕ್ಸರಿಗೆ ಹೋಗುತ್ತಿತ್ತು. ಹಾಡಿದಾಗ ಶ್ರುತಿಗೆ ದಾರಿ ತೆರೆಯುತ್ತಿತ್ತು. ನಿಲ್ಲಿಸಿದರೆ ಮುಚ್ಚುತ್ತಿತ್ತು.

"ಮಷೀನು ನಿಮ್ಮ ಮಾತು ಕೇಳ್ಲಿ ಅಂತ ಹಂಗ ಇಟ್ಟೆ," ಎಂದ.

ಅವಳ ಸಿಟ್ಟು ಅರ್ಧ ಇಳಿಯಿತು. "ಭಜನ್ಯಾಗ ಸುಮ್ಮನಿರ್ತೀವಲ್ರಿ, ಪದ ಎದಿಗೆ ಇಳಿಯೋದ ಅಲ್ಲಿ. ನಮ್ಮಜ್ಜಿ ಹುಲಗೆಮ್ಮ ಹಾರ್ಮೋನಿಯಂದವ್ರಿಗೆ ಅಂತಿದ್ಲು, ನಾ ಹಾಡುವಾಗ ಬೇಕಾದ್ರ ನಿದ್ದಿ ಮಾಡು, ಸುಮ್ಮನಾದಾಗ ಎಚ್ಚರಿರು ಅಂತ."

ಹಾಲೇಶ ಮಿಕ್ಸರಿನ ಸಣ್ಣ ಸ್ವಿಚ್ಚೊಂದನ್ನು ಆಚೆಗೆ ಸರಿಸಿದ.

"ಈಗ ಗುಂಡಿ ತಿರುವಿಟ್ಟಷ್ಟು ಶ್ರುತಿ ಇರತೈತ್ರಿ. ನಿಮ್ಮ ದನಿ ಅದರ ಮ್ಯಾಲೆ ಕೂಡತೈತಿ."

"ನನ್ನ ದನಿ ಇಲ್ಲದಿದ್ರೂ?"

"ಇಲ್ಲದಿದ್ರೂ ಇರತೈತಿ."

ಸಂಜೆ, ತುಂಬಿದ ಸಭೆಯ ಮುಂದೆ, ಎರಡನೆಯ ಸಾಲು ಮುಗಿಸಿ ಅವಳು ಸುಮ್ಮನಾದಳು. ಶ್ರುತಿ ನಿಲ್ಲಲಿಲ್ಲ. ಅವಳು ಆ ಮೌನವನ್ನು ಇನ್ನಷ್ಟು ಉದ್ದ ಎಳೆದಳು... ಯಾರೂ ಕೆಮ್ಮಲಿಲ್ಲ. ನನ್ನ ಮೌನವನ್ನೂ ಇವರು ಕೇಳುತ್ತಿದ್ದಾರೆ ಎಂದುಕೊಂಡಳು. ಅವಳ ತಲೆ ತಾನಾಗಿ ಮೇಲೆದ್ದಿತು.

ಚಪ್ಪಾಳೆ ಮುಗಿದ ಮೇಲೆ ಸಂಘಟಕ ಅಂದಪ್ಪನವರು ಹಾಲೇಶನ ಬೆನ್ನು ತಟ್ಟಿದರು. "ಮಷೀನು ಭಾಳ ಛಲೋ ಹಾಡ್ತಪಾ."

"ಮಷೀನು ಹಾಡಿಲ್ರಿ. ಸುನಿತಾ ಹಾಡ್ಯಾರ." ಅವನ ಎದೆ ತಾನೇ ಹಾಡಿದಂತೆ ಉಬ್ಬಿತ್ತು.

ವೈರು ಸುತ್ತುತ್ತಿದ್ದವನ ಹತ್ತಿರ ಅವಳು ಬಂದಳು. "ಮುಂದಿನ ತಿಂಗಳ ಕುಷ್ಟಗ್ಯಾಗ ಹಾಡ್ಬೇಕು. ಶ್ರುತಿಗೆ ಬರ್ತೀರೇನು?"

"ಬರ್ತೀನ್ರಿ."

"ಆಮ್ಯಾಲ ಯಲಬುರ್ಗಾ ಐತಿ."

"ಬರ್ತೀನಿ."

"ಅದರ ಮುಂದ?"

ಅವನು ವೈರು ಕೆಳಗಿಟ್ಟ. "ಕೇಳಬ್ಯಾಡ್ರಿ. ಬರ್ತೀನಿ."

ಪ್ರೀತಿಸುತ್ತೇನೆ ಎಂದು ಹಾಲೇಶ ಅಂದು ಹೇಳಲಿಲ್ಲ. ಅವರಿಬ್ಬರ ಮದುವೆಯ ದಿನವೂ ಹೇಳಲಿಲ್ಲ. ಅವಳು ಸುಮ್ಮನಾದಾಗಲೆಲ್ಲ ಅವನ ಶ್ರುತಿ ಮಾತ್ರ ಇರುತ್ತಿತ್ತು.