ಮೂರು ಓಟು, ಒಂದು ಸೊನ್ನೆ

ರಾತ್ರಿ ಒಂದೂವರೆಗೆ ದಿಂಬಿನ ಕೆಳಗಿದ್ದ ಫೋನು ಸಣ್ಣಗೆ ಟಿಂಗ್ ಎಂದಿತು. ನಾನು ಎಚ್ಚರವಾಗಿಯೇ ಇದ್ದೆ. ಓಟು ನಡೆಯುವ ದಿನಗಳಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ.

ಮೇಲ್ ಬುವನೇಕನದು, ಓಟು ಹಾಕುವ ಎಲ್ಲರಿಗೂ ಹೋಗಿತ್ತು. ಮೊದಲ ಸಾಲಿನಲ್ಲೇ ಇತ್ತು: ಮೈನಸ್ ಒಂದು. ಮುಂದಕ್ಕೆ ಓದುವ ಧೈರ್ಯವಾಗಲಿಲ್ಲ.

ಕೊಲಂಬೊದಲ್ಲಿ ಕೂತು ನಾವು ತಿದ್ದುವ ಎಕ್ಸ್‌ಎಂಎಲ್ ಪಾರ್ಸರ್, ಅಂದರೆ ಫೈಲುಗಳನ್ನು ಓದಿ ಬಿಡಿಸಿಕೊಡುವ ತಂತ್ರಾಂಶ, ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಅದು ಒಳಗೆ ಸೇರಲು ಮೂವರು ಪ್ಲಸ್ ಒಂದು ಹಾಕಬೇಕು. ಕಾರಣ ಕೊಟ್ಟು ಒಬ್ಬರು ಮೈನಸ್ ಹಾಕಿದರೂ ಸಾಕು, ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ನನ್ನ ತಿದ್ದುಪಡಿಗೆ ಮೂರು ತಿಂಗಳು ಹಿಡಿದಿತ್ತು. ದೊಡ್ಡ ಫೈಲು ಓದುವಾಗ ಹಳೆಯ ಪಾರ್ಸರ್ ಕಂಪ್ಯೂಟರನ್ನು ಅಲುಗಾಡಲು ಬಿಡುತ್ತಿರಲಿಲ್ಲ. ಜನ ಕೆಟ್ಟುಹೋಯಿತೆಂದು ಆಫ್ ಮಾಡಿಬಿಡುತ್ತಿದ್ದರು. ನನ್ನದು ಬೇರೆ ಕೆಲಸಕ್ಕೆ ಅಡ್ಡ ಬಾರದೆ ತುಂಡುತುಂಡಾಗಿ ಓದುತ್ತಿತ್ತು. ಎಷ್ಟು ಮುಗಿಯಿತೆಂದು ಆಗಾಗ ತಿಳಿಸುತ್ತಿತ್ತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬೆಳೆಯುತ್ತಾ ಹೋಗುತ್ತಿತ್ತು.

ಆ ಮೂರು ತಿಂಗಳೂ ಬುವನೇಕ ನನ್ನ ಪಕ್ಕದ ಮೇಜಿನಲ್ಲಿದ್ದ. ಯೋಚಿಸುವಾಗ ಕನ್ನಡಕದ ಕಡ್ಡಿ ಕಚ್ಚುತ್ತಾನೆ. ಮೀನಿನ ಬನ್ನು ತಂದರೆ ಅರ್ಧ ಮುರಿದು, ಏನೂ ಹೇಳದೆ ನನ್ನ ಕೀಬೋರ್ಡಿನ ಪಕ್ಕ ಇಡುತ್ತಾನೆ. ನಾನು ತಿರುಗಿದರೆ ಅವನ ಕಣ್ಣು ಥಟ್ಟನೆ ಪರದೆಗೆ ಓಡುತ್ತದೆ. ಇದಕ್ಕೆಲ್ಲ ಅರ್ಥ ಇದೆ ಎಂದುಕೊಂಡಿದ್ದೆ.

ಬೆಳಿಗ್ಗೆ ಬ್ಯಾಗು ಇಳಿಸುವ ಮೊದಲೇ ಕೇಳಿದೆ. "ಪಕ್ಕದಲ್ಲೇ ಇರ್ತೀಯಲ್ಲ, ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

"ಕಿವೀಲಿ ಹೇಳಿದ್ರೆ ಇಬ್ಬರೂ ಸೇರಿ ಮುಚ್ಚಿಹಾಕಿದ ಹಾಗಾಗುತ್ತೆ," ಎಂದ ತಲೆ ಎತ್ತದೆ. "ಕಾರಣ ಓದಿದ್ಯಾ?"

"ಮೈನಸ್ ನೋಡಿಯೇ ಹೊಟ್ಟೆ ತುಂಬ್ತು."

"ಒಂದು ಫೈಲ್ ಕಳಿಸಿದೀನಿ. ಓಡಿಸಿ ನೋಡು, ಆಮೇಲೆ ಬೈ. ತಡ್ಕೋತೀನಿ."

ನಮ್ಮ ತಂಡದ ಹಿರಿಯಳು ಮಾನೆಲ್ ಅಕ್ಕ ಟೀ ಲೋಟದ ಹಿಂದಿನಿಂದ ನಕ್ಕಳು. "ಬೈಯಿ ತಂಗೀ, ಅದಕ್ಕೆ ನಂದೂ ಒಂದು ಪ್ಲಸ್ ಇದೆ!"

ಅವನು ಕಳಿಸಿದ್ದು ಒಂದು ಗ್ರಂಥಾಲಯದ ಓಲೆಗರಿಗಳ ಪಟ್ಟಿ, ಪೂರ್ತಿ ಸಿಂಹಳದಲ್ಲಿತ್ತು. ಫೈಲು ಕೊನೆಯವರೆಗೂ ಓದಿ ಮುಗಿಯಿತು. ಹಸಿರು ಪಟ್ಟಿ ಮಾತ್ರ ಶೇಕಡಾ ನಲವತ್ತೊಂದರಲ್ಲಿ ನಿಂತೇಬಿಟ್ಟಿತು.

ಫೈಲಿನ ಗಾತ್ರವನ್ನು ನಾನು ಬೈಟುಗಳಲ್ಲಿ ಹಿಡಿದಿದ್ದೆ, ಓದಿದ್ದನ್ನು ಅಕ್ಷರಗಳಲ್ಲಿ ಎಣಿಸಿದ್ದೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಸಿಂಹಳದ ಒಂದೊಂದು ಅಕ್ಷರಕ್ಕೆ ಮೂರು ಬೈಟು ಬೇಕು, ನಡುವಿನ ಖಾಲಿ ಜಾಗ, ಚಿಹ್ನೆಗಳಿಗೆ ಮಾತ್ರ ಒಂದು; ಹಾಗಾಗಿ ನನ್ನ ಎಣಿಕೆ ಅರ್ಧವನ್ನೂ ಮುಟ್ಟಿರಲಿಲ್ಲ. ನನ್ನ ಅಮ್ಮ ಶಾಲೆಯಲ್ಲಿ ಸಿಂಹಳ ಕಲಿಸುತ್ತಾರೆ. ಅವರ ಮಗಳು ಪರೀಕ್ಷೆಗೆ ಒಂದಾದರೂ ಸಿಂಹಳ ಫೈಲು ಹಾಕಿರಲಿಲ್ಲ.

ಎರಡು ದಿನ ಕೂತು ಸರಿಪಡಿಸಿದೆ.

"ಟೀ?" ಎಂದ ಬುವನೇಕ, ನಡುವೆ ಒಮ್ಮೆ.

"ಬೇಡ."

"ಬೆಲ್ಲ ಎಷ್ಟು ಚೂರು?"

"ಟೀನೇ ಬೇಡ ಅಂದೆ."

ಆದರೂ ಲೋಟ ಬಂತು, ತಟ್ಟೆಯಲ್ಲಿ ಬೆಲ್ಲದ ಎರಡು ಚೂರು. ನಾನು ಕುಡಿದೆ.

ಶುಕ್ರವಾರ ಓಟುಗಳು ಬಂದವು. ಬ್ರೆಜಿಲ್‌ನಿಂದ ಒಂದು, ಜೆಕ್ ದೇಶದಿಂದ ಒಂದು, ಫಿನ್‌ಲೆಂಡ್‌ನಿಂದ ಒಂದು. ನನ್ನ ಮುಖವನ್ನೇ ಕಾಣದ, ಇರೇಷಾ ಎಂಬ ಹೆಸರನ್ನು ಸರಿಯಾಗಿ ಕರೆಯಲೂ ಬಾರದ ಮೂವರು, ನನ್ನ ಕೆಲಸ ಓದಿ ಒಪ್ಪಿದ್ದರು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಕೊನೆಗೆ ಬುವನೇಕನದು ಬಂತು. ಮೈನಸ್ ಹಿಂತೆಗೆದುಕೊಂಡಿದ್ದ. ಅದರ ಜಾಗದಲ್ಲಿ ಸೊನ್ನೆ ಹಾಕಿದ್ದ: ಪರವೂ ಅಲ್ಲ, ವಿರುದ್ಧವೂ ಅಲ್ಲ.

ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ಅವನನ್ನು ತಡೆದೆ. ಕೆಳಗೆ ಸಮುದ್ರದ ಬದಿಯ ಹಳಿಯ ಮೇಲೆ ರೈಲು ಬರುತ್ತಿತ್ತು.

"ಹಸಿರು ಪಟ್ಟಿ ಕೊನೆ ಮುಟ್ಟಿತಲ್ಲ? ಇನ್ನೇನು ಕಡಿಮೆಯಾಯ್ತು?"

"ಏನೂ ಇಲ್ಲ. ಈ ವರ್ಷ ನಾನು ನೋಡಿದ್ರಲ್ಲೇ ಚೆಂದದ ಕೋಡ್ ಅದು."

"ಮತ್ತೆ ಸೊನ್ನೆ ಯಾಕೆ?"

ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ತಪ್ಪು ಕಂಡಾಗ ಸುಮ್ಮನಿರೋಕಾಗಲಿಲ್ಲ, ಹೇಳಿದೆ. ಆದ್ರೆ ನಿನ್ನ ಕೈ ಹಿಡೀಬೇಕು ಅಂತ ಇರೋನು ನಿನ್ನ ಕೆಲಸಕ್ಕೆ ಓಟು ಹಾಕಬಾರದು, ಇರೇಷಾ. ನಾಳೆ ಯಾರಾದ್ರೂ ಅವನೇ ದಾಟಿಸಿದ ಅಂದ್ರೆ? ನೀನು ನಿನ್ನ ಕಾಲ ಮೇಲೇ ದಾಟಿದೀಯ."

ರೈಲು ಸದ್ದು ಮಾಡುತ್ತಾ ಕಿಟಕಿಯ ಕೆಳಗೆ ಹಾದುಹೋಯಿತು.

"ಕೈ ಹಿಡೀಬೇಕು ಅಂತ ಇರೋನು," ಎಂದೆ, "ಎಷ್ಟು ದಿನ ಬರೀ ಅಂತಲೇ ಇರ್ತಾನೆ?"

ಅವನು ಹಿಡಿದ. ಅವನ ಅಂಗೈ ನನ್ನದಕ್ಕಿಂತ ಹೆಚ್ಚು ಬೆವೆತಿತ್ತು.

ಜಾಗಕ್ಕೆ ಮರಳಿದಾಗ ಮಾನೆಲ್ ಅಕ್ಕ ಕುರ್ಚಿ ಎಳೆದುಕೊಂಡು ಬಂದಳು. "ಎಂಥ ಕಲ್ಲು ಮನಸ್ಸು ನೋಡು ಅವನದು! ಹೊರದೇಶದವರು ಮೆಚ್ಚಿದ್ರೂ ಪಕ್ಕದವನು ಸೊನ್ನೆ. ಏನಂದ? ಜಗಳ ಆಯ್ತಾ?"

ಇಡೀ ತಂಡ ಮರುಕದಿಂದ ನನ್ನತ್ತ ನೋಡುತ್ತಿತ್ತು. ಸೊನ್ನೆಯ ಕಾರಣ ಹೇಳಿಬಿಟ್ಟರೆ ಆ ಮರುಕವೆಲ್ಲ ಕ್ಷಣದಲ್ಲಿ ಚಪ್ಪಾಳೆಯಾಗುತ್ತಿತ್ತು.

"ಏನಿಲ್ಲ ಅಕ್ಕಾ," ಎಂದೆ.

ನನ್ನನ್ನು ಅಷ್ಟು ದೊಡ್ಡವಳೆಂದು ಎಣಿಸಿ, ಆ ಸೊನ್ನೆಯಂಥದ್ದನ್ನು ಯಾರೂ ಕೊಟ್ಟಿರಲಿಲ್ಲ. ಅದರ ಕಾರಣವನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.