ಕಿವಿ ಚುಚ್ಚಿಸಿಕೊಂಡ ರಾಜ

ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ 9.10ಕ್ಕೆ ಪೊಟೊಸಿ ನಗರದ ಸಾನ್ ಬೆನಿತೊ ಬಡಾವಣೆಯ ಪೊಲೀಸ್ ಠಾಣೆಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬರು ಸುಕ್ರೆಯಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದ ದಂತವೈದ್ಯ ಲಿಸಾಂದ್ರೊ ಅರಾಂಡಿಯಾ. ಇನ್ನೊಬ್ಬರು ಅದೇ ಬೀದಿಯ ತಿರುವಿನಲ್ಲಿ ಮೂವತ್ತೊಂದು ವರ್ಷಗಳಿಂದ ಸಾರು ತುಂಬಿದ ಬಿಸಿ ಸಾಲ್ತೆನ್ಯಾ ಕಡುಬು ಮಾರುತ್ತಿದ್ದ ದೋನ್ಯಾ ಕಾಸಿಮಿರಾ ವೇಲಿಸ್. ದಂತವೈದ್ಯರು ದೂರುದಾರರು, ಕಾಸಿಮಿರಾ ಆರೋಪಿ. ದೂರುದಾರರಿಗೆ ಠಾಣೆಯ ದಾರಿ ತಿಳಿಯದ ಕಾರಣ ಆರೋಪಿಯೇ ಅವರನ್ನು ಕರೆದುಕೊಂಡು ಬಂದಿದ್ದರು.

ಇನ್ಸ್‌ಪೆಕ್ಟರ್ ಎಲ್ವೀರಾ ತಾಕಿಚಿರಿ ಇಬ್ಬರನ್ನೂ ಕೂರಿಸಿದರು. ದಂತವೈದ್ಯರು ಮೇಜಿನ ಮೇಲೆ ಒಂದು ನಾಣ್ಯವನ್ನಿಟ್ಟರು. ಇದೇ ನಗರದ ಟಂಕಸಾಲೆಯ ಮುದ್ರೆ, 1781ರ ಇಸವಿ, ಎಂಟು ರಿಯಾಲಿನ ಬೆಳ್ಳಿ ನಾಣ್ಯವೆಂಬ ಹೆಸರು. ಒಂದು ಮುಖದಲ್ಲಿ ಸ್ಪೇನಿನ ರಾಜನ ತಲೆ. ರಾಜನ ಕಿವಿಯಿದ್ದ ಜಾಗದಲ್ಲಿ ಒಂದು ತೂತು.

"ಇಂಟರ್ನೆಟ್ಟಲ್ಲಿ ಜಾಹೀರಾತು ನೋಡಿ, ಶುಕ್ರವಾರ ನಾನೇ ಬಂದು ತಗೊಂಡು ಹೋದೆ ಮೇಡಂ. ಶನಿವಾರ ತೂಗಿದೆ. ಇದು ಬೆಳ್ಳಿ ಅಲ್ಲ. ಮೂವತ್ತು ವರ್ಷ ಹಲ್ಲಿಗೆ ಲೋಹ ತುಂಬಿದೀನಿ, ನನ್ನ ಬೆರಳಿಗೇ ಗೊತ್ತಾಗತ್ತೆ."

"ಬೆರಳಿಗೆ ಗೊತ್ತಾಗೋ ಹಾಗಿದ್ರೆ ಶುಕ್ರವಾರ ಯಾಕಪ್ಪಾ ತಗೊಂಡೆ?" ಕಾಸಿಮಿರಾ ಕೇಳಿದರು. "ನನ್ನ ಸಾಲ್ತೆನ್ಯಾ ಎರಡು ಮುಗಿಸಿ ಮೂರನೇದಕ್ಕೆ ಕೈ ಹಾಕ್ದಾಗ ಎಲ್ಲಿತ್ತು ಆ ಬೆರಳು?"

"ಕೈಯೆಲ್ಲ ಸಾರಾಗಿತ್ತು ದೋನ್ಯಾ," ಎಂದು ದಂತವೈದ್ಯರು ಒಪ್ಪಿಕೊಂಡರು.

9.40ಕ್ಕೆ ಎಫ್‌ಐಆರ್ ದಾಖಲಾಯಿತು. ನಿಯಮದಂತೆ ಶುಕ್ರವಾರ, 19ರ ಸಂಜೆಯೊಳಗೆ ಪ್ರಾಥಮಿಕ ವರದಿ ಸರ್ಕಾರಿ ವಕೀಲರ ಕಚೇರಿ ತಲುಪಬೇಕಿತ್ತು. ವರದಿಯ ಆರೋಪಿ ಕಲಂನಲ್ಲಿ ಹೆಸರು ಬಂದರೆ ಮಾರಾಟಗಾರ್ತಿಯರ ಸಂಘವು ಕಾಸಿಮಿರಾ ಅವರ ತಿರುವನ್ನು ಹಿಂದಕ್ಕೆ ಪಡೆಯುತ್ತಿತ್ತು. ವಂಚನೆಯ ಮೊಕದ್ದಮೆ ಇರುವವರು ಬೀದಿಯಲ್ಲಿ ಬುಟ್ಟಿ ಇಡುವಂತಿಲ್ಲ ಎಂಬುದು ಸಂಘದ ನಿಯಮ. ಹದಿನೈದು ವರ್ಷಗಳ ಹಿಂದೆ ಅದಕ್ಕೆ ಕೈಯೆತ್ತಿದವರಲ್ಲಿ ಕಾಸಿಮಿರಾ ಮೊದಲಿಗರು.

"ಹಣ ಇವತ್ತೇ ವಾಪಸ್ ಕೊಡ್ತೀನಿ," ಎಂದರು ಅವರು. "ಒಲೆ ಒಡೆದಿದೆ, ಅದಕ್ಕೇ ಅಂತ ಮಾರಿದ್ದು. ಒಲೆ ಇಲ್ದೇ ಹೋದ್ರೆ ಪಕ್ಕದ ಮನೇಲಿ ಬೇಯಿಸ್ತೀನಿ. ಆದ್ರೆ ಆ ತಿರುವಲ್ಲಿ ನಾನು ಇಲ್ಲ ಅಂದ್ರೆ ಜನ ಏನಂತ ಕೇಳ್ತಾರೆ, ಹೇಳಿ?"

ಇನ್ಸ್‌ಪೆಕ್ಟರ್ ಎಲ್ವೀರಾ ಇಲಾಖೆ ಸೇರುವ ಮೊದಲು ಎರಡು ವರ್ಷ ಅದಿರು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದಿದ್ದರು. ಅವರು ಕಾನ್‌ಸ್ಟೇಬಲ್ ವಾಲ್ಡೊ ಯುಕ್ರಾನನ್ನು ಎದುರಿನ ಔಷಧಿ ಅಂಗಡಿಗೆ ಕಳುಹಿಸಿ ತಕ್ಕಡಿ ತರಿಸಿದರು. ಅಂಗಡಿಯಾಕೆ ತಕ್ಕಡಿಯ ಹಿಂದೆಯೇ ಬಂದರು. ಅವರನ್ನೂ ಬೀದಿಯ ಬ್ರೆಡ್ಡಿನವಳನ್ನೂ ಪಂಚರಾಗಿ ಇರಿಸಿಕೊಂಡು 10.25ಕ್ಕೆ ಪಂಚನಾಮೆ ಆರಂಭವಾಯಿತು.

ಮೊದಲು ಅಯಸ್ಕಾಂತ. ನಾಣ್ಯ ಅಂಟಲಿಲ್ಲ.

"ನೋಡಿದ್ರಾ? ಮಾರೋ ಮೊದಲು ನಾನೂ ಹಿಡಿದು ನೋಡಿದೀನಿ," ಎಂದರು ಕಾಸಿಮಿರಾ.

"ತಾಮ್ರವೂ ಅಂಟಲ್ಲ, ಹಿತ್ತಾಳೆಯೂ ಅಂಟಲ್ಲ ದೋನ್ಯಾ. ಅಂಟಿದ್ರೆ ಸುಳ್ಳು ಅನ್ಬಹುದು. ಅಂಟಲಿಲ್ಲ ಅಂತ ನಿಜ ಅನ್ನೋಕಾಗಲ್ಲ," ಎಂದರು ಎಲ್ವೀರಾ.

ಎರಡನೆಯದು ಅಂಚು. ಈ ಕಾಲದ ನಾಣ್ಯಗಳ ಅಂಚಿನ ಸುತ್ತ ಒಂದು ವೃತ್ತ, ಒಂದು ಚೌಕದಂತೆ ಗುರುತುಗಳ ಸಾಲಿರುತ್ತದೆ. ಇದರಲ್ಲಿ ಆ ಸಾಲು ಮಂಕಾಗಿತ್ತು, ಒಂದೆಡೆ ಅರ ಉಜ್ಜಿದ ಸಣ್ಣ ಗೆರೆಗಳಿದ್ದವು. ಅಚ್ಚಿಗೆ ಲೋಹ ಸುರಿದ ಬಾಯಿ ಅಲ್ಲಿತ್ತೆಂಬುದು ಸ್ಪಷ್ಟ. ಮೂರನೆಯದು ತೂಕ: 23.4 ಗ್ರಾಂ. ಅಸಲು ನಾಣ್ಯ ಇಪ್ಪತ್ತೇಳರ ಆಸುಪಾಸು ಇರಬೇಕು. ನಾಲ್ಕನೆಯದಾಗಿ ಎಲ್ವೀರಾ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದರು. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟರು. ತಕ್ಕಡಿ 2.7 ತೋರಿಸಿತು, ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕವದು. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ 8.67. ನಾಣ್ಯದ ಬೆಳ್ಳಿಗೆ ಹತ್ತಕ್ಕಿಂತ ಮೇಲೆ ಬರಬೇಕು.

"ಅಲ್ಪಾಕಾ," ಎಂದರು ಎಲ್ವೀರಾ. ನಗರದ ಪ್ರತಿ ಅಕ್ಕಸಾಲಿಗನೂ ಅಗ್ಗದ ಚಮಚಕ್ಕೂ ಬಳೆಗೂ ಬಳಸುವ, ಬೆಳ್ಳಿಯಂತೆಯೇ ಹೊಳೆಯುವ ಮಿಶ್ರಲೋಹವದು.

ದಂತವೈದ್ಯರು ತಾವೇ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ಹಿಗ್ಗಿದರು. ಆದರೆ ಔಷಧಿ ಅಂಗಡಿಯಾಕೆ ಬಾಗಿ ನಾಣ್ಯವನ್ನು ನೋಡಿ ತಲೆಯಾಡಿಸಿದರು.

"ಹಾಗಾಗೋಕೆ ಸಾಧ್ಯವೇ ಇಲ್ಲ. ಮಾರಾಟಕ್ಕೆ ಹಾಕೋ ಮುಂಚೆ ದೋನ್ಯಾ ನನ್ನ ಹತ್ರಾನೇ ತೂಗಿಸಿಕೊಂಡು ಹೋದ್ರಲ್ಲ! ಇದೇ ತಕ್ಕಡಿ."

ಕಾಸಿಮಿರಾ ರವಿಕೆಯೊಳಗಿಂದ ಮಡಚಿದ ಚೀಟಿ ತೆಗೆದರು. ಜುಲೈ 3, 26.5 ಗ್ರಾಂ, ಅಂಗಡಿಯ ಮೊಹರು. ಜುಲೈ 5ರಂದು ಅವರ ಸೊಸೆ ಮಾರಾಟದ ಜಾಹೀರಾತು ಹಾಕಿದ್ದಳು.

ಎಲ್ವೀರಾ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡರು. ಕಾಸಿಮಿರಾ ಜುಲೈಯಲ್ಲಿ ತೂಗಿಸಿದ್ದು ಅಸಲು. ಸೆಪ್ಟೆಂಬರಿನಲ್ಲಿ ಮೇಜಿನ ಮೇಲಿರುವುದು ನಕಲು. ನಡುವೆ ಯಾರೋ ಬದಲಾಯಿಸಿದ್ದಾರೆ. ದಂತವೈದ್ಯರೂ ಆಗಿರಬಹುದು.

"ಜುಲೈ ಮೂರರಿಂದ ಮೊನ್ನೆ ಶುಕ್ರವಾರದ ತನಕ ನಾಣ್ಯ ಎಲ್ಲಿತ್ತು?"

"ಮನೇಲಿ. ಪೆಟ್ಟಿಗೇಲಿ."

"ಯಾರ ಕೈಗಾದರೂ ಕೊಟ್ಟಿದ್ರಾ?"

"ಇಲ್ಲ."

"ತೋರಿಸೋಕೆ? ಪಾಲಿಶ್ ಮಾಡಿಸೋಕೆ?"

"ಯಾರ ಕೈಗೂ ಕೊಟ್ಟಿಲ್ಲ ಅಂದ್ನಲ್ಲ ಮಗಳೇ. ನಮ್ಮ ಮುತ್ತಜ್ಜಿ ಆ ರಾಜನಿಗೆ ಕಿವಿ ಚುಚ್ಚಿಸಿ ಕೊರಳಿಗೆ ಹಾಕ್ಕೊಂಡಿದ್ದು. ಇಡೀ ಪೊಟೊಸೀಲಿ ಕಿವಿ ಚುಚ್ಚಿಸಿಕೊಂಡ ರಾಜ ಅವನೊಬ್ಬನೇ. ಬೀದಿಲಿ ಕೊಡ್ತೀನಾ?"

ಮಂಗಳವಾರವೂ ಇದೇ ಪ್ರಶ್ನೆ, ಇದೇ ಉತ್ತರ. ದಂತವೈದ್ಯರ ಸುಕ್ರೆಯ ಮನೆಯನ್ನು ಅಲ್ಲಿಯ ಠಾಣೆಯವರು ಪರಿಶೀಲಿಸಿದರು. ಇಪ್ಪತ್ತೆರಡು ಅಸಲು ನಾಣ್ಯಗಳೂ ಅಷ್ಟೇ ಸಂಖ್ಯೆಯ ತೂಕದ ಚೀಟಿಗಳೂ ಸಿಕ್ಕವು. ಲೋಹ ಕರಗಿಸುವ ಸಾಮಾನು ಇರಲಿಲ್ಲ.

ಬುಧವಾರ, 17ರಂದು, ಬೆಳಿಗ್ಗೆ 10.30ಕ್ಕೆ ಕಾನ್‌ಸ್ಟೇಬಲ್ ವಾಲ್ಡೊ ತಿರುವಿನಲ್ಲಿ ನಿಂತು ಸಾಲ್ತೆನ್ಯಾ ತಿನ್ನುತ್ತಿದ್ದ. ಬಿಸಿಲು ಹಿತವಾಗಿತ್ತು. ಒಂದು ಹನಿ ಸಾರೂ ಚೆಲ್ಲದಂತೆ ತುದಿ ಕಚ್ಚಿ ಹೀರಿ, ಅವನು ಖಾಯಂ ಗಿರಾಕಿಯ ಸಲುಗೆಯಲ್ಲಿ ಅವರನ್ನು ಕರೆದು ಸುಮ್ಮನೆ ಮಾತಿಗೆಂದು ಕೇಳಿದ:

"ಕಸೇರಿತಾ, ಈ ಸಲ ಹಬ್ಬದ ಕಮಾನಿಗೆ ಏನು ಕೊಟ್ರಿ? ನಮ್ಮಮ್ಮ ಬೆಳ್ಳಿ ಸೌಟು ಕೊಟ್ಟಿದ್ಲು."

"ನಾನಾ? ಯಾವಾಗಲೂ ಕೊಡೋದೇ. ರಾಜನ್ನ."

ವಾಲ್ಡೊ ಉಳಿದರ್ಧವನ್ನು ಕೈಯಲ್ಲಿ ಹಿಡಿದೇ ಠಾಣೆಗೆ ಓಡಿದ. ಎಲ್ವೀರಾ ತಿರುವಿಗೆ ಬಂದಾಗ ಕಾಸಿಮಿರಾ ಅವರಿಗೆ ನಿಜಕ್ಕೂ ಅಚ್ಚರಿಯಾಗಿತ್ತು.

"ಮೂರು ದಿನದಿಂದ ಯಾರಿಗೂ ಕೊಟ್ಟಿಲ್ಲ ಅಂತಿದೀರಲ್ಲ ದೋನ್ಯಾ!"

"ಅದು ಕೊಟ್ಟಿದ್ದಲ್ಲ ಮಗಳೇ. ತಾತಾನಿಗೆ ತೊಡಿಸಿದ್ದು."

ಸಂತ ಬಾರ್ತೊಲೊಮೆಯನ್ನು ಬಡಾವಣೆಯವರೆಲ್ಲ ತಂದೆಯೆಂಬ ಅರ್ಥದಲ್ಲಿ ತಾತಾ ಎನ್ನುತ್ತಿದ್ದರು. ಆಗಸ್ಟ್ 24ರ ಹಬ್ಬಕ್ಕೆ ಬೀದಿಗೆ ಅಡ್ಡಲಾಗಿ ಬೆಳ್ಳಿ ಕಮಾನು ಏಳುತ್ತದೆ. ಮನೆಮನೆಯ ತಟ್ಟೆ, ಚಮಚ, ಹಳೆಯ ನಾಣ್ಯಗಳನ್ನು ಕೆಂಪು ಬಟ್ಟೆಗೆ ಹೊಲಿದು ಕಟ್ಟಿದ ಅದರ ಕೆಳಗೆ ಸಂತನ ಪಲ್ಲಕ್ಕಿ ಹಾಯುತ್ತದೆ. ಹಬ್ಬ ಮುಗಿದ ಮೇಲೆ ಬೆಳ್ಳಿ ಮನೆಗೆ ಮರಳುತ್ತದೆ. ಅದನ್ನು ಯಾರೂ ಎಣಿಸುವುದಿಲ್ಲ, ತೂಗುವುದಂತೂ ಇಲ್ಲ. ಎಲ್ವೀರಾ ಅವರ ಮನೆಯ ಎರಡು ತಟ್ಟೆಗಳೂ ಈ ಸಲ ಹೋಗಿ ಬಂದಿದ್ದವು, ಅವರಿಗೂ ಹೊಳೆದಿರಲಿಲ್ಲ.

"ಕಮಾನು ಕಟ್ಟೋ ಅಕ್ಕಸಾಲಿಗ ದೋನ್ ಫಾಬಿಯಾನ್ ಪೋರ್ಕೊ ಕೈಗೆ ಯಾವತ್ತು ಕೊಟ್ರಿ?"

"ಆಗಸ್ಟ್ ಹನ್ನೆರಡು. ಇಪ್ಪತ್ತೇಳಕ್ಕೆ ವಾಪಸ್ ಬಂತು. ಇದೇ ಕೊನೇ ವರ್ಷ ಕಣಪ್ಪಾ, ರಾಜನ್ನ ಮಾರ್ತಿದೀನಿ ಅಂತಾನೂ ಹೇಳಿದ್ದೆ."

"ಅದಕ್ಕೆ ಏನಂದ್ರು?"

"ಸೂಜಿಗೆ ದಾರ ಪೋಣಿಸ್ತಾನೇ ಇದ್ದ."

ಹಬ್ಬದ ದಿನ ವಾಲ್ಡೊ ನರ್ತಕರ ತಂಡದಲ್ಲಿ ಗರಿಯ ಕಿರೀಟ ತೊಟ್ಟು ಕುಣಿದಿದ್ದ. ಕಮಾನಿನ ಕೆಳಗೆ ನಿಂತು ತೆಗೆಸಿಕೊಂಡ ಚಿತ್ರ ಅವನ ಫೋನಿನಲ್ಲಿತ್ತು. ಮಧ್ಯಾಹ್ನ 2ಕ್ಕೆ ಫೋಟೊ ಸ್ಟುಡಿಯೊದಲ್ಲಿ ಅದನ್ನು ಗೋಡೆಯಷ್ಟು ದೊಡ್ಡದಾಗಿಸಿ, ಎಲ್ವೀರಾ ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನೋಡುತ್ತ ಹೋದರು.

"ನನ್ನ ಮುಖ ಚೆನ್ನಾಗಿ ಬಂದಿದೆ ಅಲ್ವಾ ಮೇಡಂ?"

"ಸ್ವಲ್ಪ ಪಕ್ಕಕ್ಕೆ ಸರಿ. ನೀನಲ್ಲ, ನಿನ್ನ ನೆರಳು."

ಕೆಳಗಿನ ಸಾಲಿನಲ್ಲಿ, ಜನರು ಬಂದು ತಮ್ಮ ತಮ್ಮ ಬೆಳ್ಳಿಯನ್ನು ಗುರುತು ಹಿಡಿದು ಸಂತೋಷಪಡುವ ಎತ್ತರದಲ್ಲಿ, ಕಿವಿಯಲ್ಲಿ ತೂತಿದ್ದ ರಾಜನಿದ್ದ. ಇಸವಿಯ ಪಕ್ಕದ ಅಂಚಿನಲ್ಲಿ ಉಗುರಿನಷ್ಟು ಕಚ್ಚು ಇತ್ತು. ಅತಿ ಮೇಲಿನ ಸಾಲಿನ ನಡುವೆ, ಏಣಿಯಿಲ್ಲದೆ ಯಾರ ಕೈಗೂ ಎಟುಕದಲ್ಲಿ, ಕಿವಿಯಲ್ಲಿ ತೂತಿದ್ದ ಇನ್ನೊಬ್ಬ ರಾಜನಿದ್ದ. ಅದೇ ಅಂಚು, ಅದೇ ಕಚ್ಚು.

ಒಂದರ ಅಚ್ಚಿನಿಂದ ಇನ್ನೊಂದನ್ನು ಎರಕ ಹೊಯ್ದಾಗ ಗಾಯಗಳೂ ಜೊತೆಗೆ ಬರುತ್ತವೆ. ದಂತವೈದ್ಯರು ಊರಿಗೆ ಕಾಲಿಡುವ ಹತ್ತೊಂಬತ್ತು ದಿನ ಮೊದಲೇ ನಕಲು ಸಿದ್ಧವಾಗಿತ್ತು. ಆ ದಿನ ಎರಡೂ ಒಂದೇ ಬಟ್ಟೆಯ ಮೇಲಿದ್ದವು.

ಸೆಪ್ಟೆಂಬರ್ 18, ಗುರುವಾರ, 11.05ಕ್ಕೆ ಇನ್ಸ್‌ಪೆಕ್ಟರ್, ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರು ದೋನ್ ಫಾಬಿಯಾನ್ ಅವರ ಕಾರ್ಯಾಗಾರ ತಲುಪಿದರು. ಎಪ್ಪತ್ತೊಂದು ವರ್ಷದ ಅಕ್ಕಸಾಲಿಗರು ಕೋಕಾ ಎಲೆ ಅಗಿಯುತ್ತ ಬಕಲಿಗೆ ಅರ ಹಾಕುತ್ತಿದ್ದರು. ಎಲ್ವೀರಾ ಚಿತ್ರವನ್ನು ಅವರ ಮುಂದೆ ಹರಡಿದರು.

"ಕೆಳಗಿನ ಸಾಲು ಯಾರು ಹೊಲಿದಿದ್ದು?"

"ನಾನು."

"ಮೇಲಿನದು?"

"ನಾನೇ. ಬೇರೆಯವರ ಹೊಲಿಗೆ ಗಾಳಿಗೆ ನಿಲ್ಲಲ್ಲ."

"ಇದು ದೋನ್ಯಾ ಕಾಸಿಮಿರಾ ಅವರ ನಾಣ್ಯ. ಇದೂ ಅದೇ. ಹೇಗೆ?"

ದೋನ್ ಫಾಬಿಯಾನ್ ಅರ ಕೆಳಗಿಡದೆ ಚಿತ್ರದತ್ತ ಬಾಗಿದರು. "ಹುಡುಗ ಚೆನ್ನಾಗಿ ಕುಣೀತಾನೆ," ಎಂದಷ್ಟೇ ಹೇಳಿದರು.

"ನಕಲನ್ನು ಅವರು ಅಸಲು ಅಂತ ಮಾರಿದ್ದಾರೆ. ಅವರ ಮೇಲೆ ವಂಚನೆ ದೂರು ಬಂದಿದೆ. ನಾಳೆ ಸಂಜೆ ವರದಿ ಹೋಗಬೇಕು."

ಅರ ಮೇಜಿನ ಮೇಲಿಳಿಯಿತು. "ಕಾಸಿ ಮೇಲಾ? ಅವಳು ಠಾಣೇಲಿ ಕೂತಿದ್ಲಾ?"

"ಎರಡು ದಿನ."

"ಹೊರಗಿನೋರಿಗೆ ಏನು ಗೊತ್ತಾಗತ್ತೆ, ಗಾಜಿನ ಪೆಟ್ಟಿಗೇಲಿ ಇಟ್ಕೊಂಡು ನೋಡ್ತಾರೆ, ಅಷ್ಟೇ ಅಂದ್ಕೊಂಡೆ..." ಅವರು ಎದ್ದು ಮೂಲೆಯ ಸಂದೂಕವನ್ನು ತೋರಿಸಿದರು. "ಅಲ್ಲಿದೆ. ತೆಗೀರಿ. ಮೊದಲು ಕೈ ಒರೆಸಿಕೊಳ್ಳಿ."

ಸಂದೂಕದಲ್ಲಿ ಕಮಾನಿನ ಕೆಂಪು ಬಟ್ಟೆ ಸುರುಳಿಯಾಗಿತ್ತು. ಪಂಚರ ಸಮಕ್ಷಮ ಬಿಚ್ಚಿದಾಗ ಮೇಲಿನ ಸಾಲಿನಲ್ಲಿ ನಾಲ್ಕು ನಾಣ್ಯಗಳು ಇನ್ನೂ ಹೊಲಿದೇ ಇದ್ದವು. ಕಿವಿ ಚುಚ್ಚಿಸಿಕೊಂಡ ರಾಜ 26.5 ಗ್ರಾಂ ತೂಗಿದ. ಬಟ್ಟೆಯ ಹಿಂಭಾಗದಲ್ಲಿ, ಪ್ರತಿ ನಾಣ್ಯದ ಬೆನ್ನಿಗೆ, ಬಿಳಿ ದಾರದಲ್ಲಿ ಒಡೆಯರ ಹೆಸರು ಕಸೂತಿ ಹಾಕಲಾಗಿತ್ತು. ನಾಲ್ವರೂ ಈ ಮೂರು ವರ್ಷಗಳಲ್ಲಿ ಬೆಳ್ಳಿ ಮಾರುವುದಾಗಿ ಫಾಬಿಯಾನ್ ಅವರ ಬಳಿ ಹೇಳಿದ್ದವರು. ಉಳಿದ ಮೂವರು ಇನ್ನೂ ಮಾರಿರಲಿಲ್ಲವೆಂದು ನಂತರದ ವಿಚಾರಣೆಯಲ್ಲಿ ತಿಳಿಯಿತು. ಕಪಾಟಿನಿಂದ ನಾಲ್ಕು ಅಚ್ಚುಗಳು ಮುದ್ದೆಮಾಲಾಗಿ ವಶವಾದವು. 11.50ಕ್ಕೆ ಫಾಬಿಯಾನ್ ಪೋರ್ಕೊ ಅವರನ್ನು ದಸ್ತಗಿರಿ ಮಾಡಲಾಯಿತು. ಅವರು ಒಲೆಯ ಬೆಂಕಿ ಆರಿಸಿ, ಟೊಪ್ಪಿಗೆ ಹಾಕಿಕೊಂಡು ಹೊರಟರು.

ವರದಿ ಶುಕ್ರವಾರ ಮಧ್ಯಾಹ್ನವೇ ಹೋಯಿತು. ಕಾಸಿಮಿರಾ ವೇಲಿಸ್ ಅವರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿತ್ತು. ದಂತವೈದ್ಯರು ಹಣ ಹಿಂದಕ್ಕೆ ಕೇಳಲಿಲ್ಲ. ನ್ಯಾಯಾಲಯ ಬಿಡುಗಡೆ ಮಾಡುವವರೆಗೆ ಅಸಲು ನಾಣ್ಯಕ್ಕೆ ಕಾಯುವುದಾಗಿ, ಆಗಸ್ಟಿನಲ್ಲಿ ಅದನ್ನು ತಾವೇ ಕಮಾನಿಗೆ ತಂದು, ತೂಗಿ ಕೊಟ್ಟು, ತೂಗಿ ಒಯ್ಯುವುದಾಗಿ ಬರೆದುಕೊಟ್ಟರು. ಕಮಾನನ್ನು ತಾವೂ ನೋಡಬೇಕಂತೆ.

ಅದೇ ದಿನ ಕಾಸಿಮಿರಾ ಬುಟ್ಟಿಯೊಂದಿಗೆ ಲಾಕಪ್ಪಿನ ಮುಂದೆ ನಿಂತರು.

"ಮುದುಕಪ್ಪಾ, ಮಾರಬೇಡ ಅಂತ ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನಿನ್ನ ಒಲೆ ನಾನು ಕಟ್ಟಿಸಿಕೊಡ್ತಿದ್ನಾ?"

"ತಿನ್ನು. ಚೆಲ್ಲಬೇಡ."

ದೋನ್ ಫಾಬಿಯಾನ್ ನಿಂತೇ ತಿಂದರು. ಒಂದು ಹನಿಯೂ ಚೆಲ್ಲಲಿಲ್ಲ. ಮೂರು ವರ್ಷಗಳಿಂದ ಜನ ಬೆಳ್ಳಿ ಮಾರಿದಂತೆಲ್ಲ ಬಟ್ಟೆ ಬರಿದಾಗುತ್ತ ಬಂದದ್ದನ್ನು, ಖಾಲಿಯಾದ ಕಡೆಗಳಲ್ಲೆಲ್ಲ ತಮ್ಮ ಮನೆಯ ಚಮಚಗಳನ್ನೇ ಹೊಲಿದು, ಚಮಚಗಳೂ ಮುಗಿದದ್ದನ್ನು ಅವರು ಹೇಳಿಕೆಯಲ್ಲಿ ವಿವರಿಸಿದ್ದರು. ಎಲ್ವೀರಾ ಅವರಿಗೆ ಒಂದೇ ಸಂಗತಿ ಬಗೆಹರಿದಿರಲಿಲ್ಲ.

"ಅಸಲನ್ನ ಪೆಟ್ಟಿಗೇಲಿ ಮುಚ್ಚಿಟ್ಟಿದ್ರೆ ನಮಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ ದೋನ್ ಫಾಬಿಯಾನ್. ನಕಲನ್ನ ಕಟ್ಟಿಯಾಗಿತ್ತು. ಅಸಲನ್ನೂ ಯಾಕೆ ಕಟ್ಟಿದ್ರಿ?"

ಅವರು ಪ್ರಶ್ನೆಯೇ ಅರ್ಥವಾಗದವರಂತೆ ಇನ್ಸ್‌ಪೆಕ್ಟರ್ ಮುಖ ನೋಡಿದರು.

"ಪಲ್ಲಕ್ಕಿ ಮೇಲೆ ಬರೋವಾಗ ತಾತಾನ ಕಣ್ಣು ಆ ಮೇಲಿನ ಸಾಲಿಗೇ ಬರತ್ತಮ್ಮಾ. ಅಲ್ಲಿ ಅಲ್ಪಾಕಾ ಕಟ್ಟಲಾ?"

ಎಲ್ವೀರಾ ಮೇಜಿಗೆ ಮರಳಿ, ಕಡತದಲ್ಲಿ ಖಾಲಿ ಉಳಿದಿದ್ದ ಅಪರಾಧದ ಉದ್ದೇಶ ಎಂಬ ಕಲಂನಲ್ಲಿ ಆ ಉತ್ತರವನ್ನು ಇದ್ದಂತೆಯೇ ಬರೆದು ಸಹಿ ಹಾಕಿದರು.