ಕೂಸಿನ ಖಾಲಿ ಸಾಲು

ಬಹಳ ಹಿಂದಿನ ಮಾತು. ಏಳು ಹೊಳೆಗಳ ಆಚೆ ಬಳಪಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಒಂದು ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಾಡಿದ ಕಪ್ಪು ಪುಸ್ತಕ. ಅದರಲ್ಲಿ ಬಳಪದಿಂದ ಯಾರ ಹೆಸರು ಬರೆದಿದೆಯೋ ಅವರು ಇರುತ್ತಿದ್ದರು. ಅಳಿಸಿದರೆ ಇಲ್ಲ. ಹುಟ್ಟಿದ ಕೂಸಿಗೆ ಮಾತ್ರ ಹನ್ನೆರಡು ದಿನದ ಗಡುವು.

ಬರೆಯುತ್ತಿದ್ದವಳು ಕೆಂಚವ್ವ. ಅವಳ ಹೆಸರೊಂದು ಮಾತ್ರ ಕಡತದ ಮರದ ರಟ್ಟಿನ ಮೇಲೆ ಕೊರೆದಿತ್ತು. ಒಳಗಿನ ಸಾಲಿಗೆಲ್ಲ ಒಂದೇ ಅಚ್ಚು: ‘ಹೆಸರು ಇಂಥದು, ಊರು ಇಂಥದು.’ ‘ಇಂಥದು’ ಎಂಬಲ್ಲಿನ ಖಾಲಿ ಮನೆಗಳನ್ನು ತುಂಬಿ, ಕಡತ ಮಡಿಸಿ, ದಾರದ ಗಂಟು ಹಾಕಬೇಕು. ಗಂಟು ಹಾಕದಿದ್ದರೆ ಬರೆದದ್ದು ನಿಲ್ಲದು. ಬಿಚ್ಚುವುದಕ್ಕೆ ಎರಡು ಮಂತ್ರ. ‘ಕೂಡಿಕೋ’ ಎಂದರೆ ಹಳೆಯದು ಹಾಗೇ ಇದ್ದು ಕೊನೆಗೆ ಹೊಸ ಸಾಲು ಸೇರುತ್ತದೆ. ‘ಹೊಸತಾಗು’ ಎಂದರೆ ಇದ್ದದ್ದೆಲ್ಲ ಅಳಿದು ಬರಿದಾಗುತ್ತದೆ.

ಕೆಂಚವ್ವನ ಮಗಳು ದೇವೀರಿ ಹೆಣ್ಣು ಹೆತ್ತಳು. ಹನ್ನೆರಡನೆಯ ದಿನ ತೊಟ್ಟಿಲು ಕಟ್ಟಿದರು. ಅಜ್ಜಿಯ ಸಂಭ್ರಮ ಕೇಳಬೇಕೆ! ಹೆಸರಿಡುವ ಮೊದಲೇ ಕಡತ ಹೊತ್ತು ತಂದಳು.

"ಅವ್ವಾ, ತಡಿಯೇ. ನಾನಿನ್ನೂ ಹೆಸರು ಕರೆದೇ ಇಲ್ಲ. ತಾಯಿ ಬಾಯಿಂದ ಬಾರದ ಹೆಸರು ಕಡತದಲ್ಲಿ ನಿಲ್ಲುತ್ತದೆಯೆ?"

"ನೀನು ಕರೆಯುವಷ್ಟರಲ್ಲಿ ನಾನು ಸಾಲು ಹೂಡಿರುತ್ತೇನೆ, ಸುಮ್ಮನಿರೇ."

ಹೊಸ ಕೂಸಲ್ಲವೆ, ಅಜ್ಜಿಯ ಬಾಯಿಗೆ ‘ಹೊಸತಾಗು’ ಎಂದೇ ಬಂತು. ಕಡತ ಬಿಚ್ಚಿದ್ದೇ ತಡ, ‘ಹೆಸರು’ ಎಂದು ಸಾಲು ಹೂಡಿಯೂ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಸರುಗಳೆಲ್ಲ ಬಿಳಿ ಹುಡಿಯಾಗಿ ಕಿಟಕಿಯಿಂದ ಹಾರಿದವು. ರಾಜನಿಲ್ಲ, ಪ್ರಜೆಯಿಲ್ಲ. ಬಾಯಿ ತೆರೆದಿದ್ದ ದೇವೀರಿಯೂ ಇಲ್ಲ. ತೊಟ್ಟಿಲಲ್ಲಿ ಕೂಸೊಂದೇ ಅಳುತ್ತಿತ್ತು. ಹೊತ್ತು ಮುಳುಗಿದರೆ ಅದೂ ಹೋಗುತ್ತಿತ್ತು.

ಹುಡಿ ಹೋಗಿ ಸೇರಿದ್ದು ಬಿಳಿಗುಡ್ಡದ ಮಾಂತ್ರಿಕ ಧೂಳಪ್ಪನ ಗಡಿಗೆಗೆ. ಅಳಿದ ಹೆಸರು ತಿಂದೇ ಬದುಕುವ ಪಾಪಿ ಅವನು. ಕೆಂಚವ್ವ ಎದೆ ಎದೆ ಬಡಿದುಕೊಂಡಳು. ಆಮೇಲೆ ಕೂಸನ್ನು ಬೆನ್ನಿಗೆ ಕಟ್ಟಿ, ಕಡತ ಕಂಕುಳಿಗೆ ಸಿಕ್ಕಿಸಿ ಹೊರಟಳು.

ಬಿಳಿಗುಡ್ಡಕ್ಕೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಒಂದು ಕರಡಿ. "ನನ್ನ ಸಾಲು ಸರಿಮಾಡು, ದಾರಿ ಬಿಡುತ್ತೇನೆ" ಎಂದಿತು. ಅದರ ಎದುರಿನ ಬಂಡೆಯ ಮೇಲೆ ‘ಹೆಸರು ಕರಡಿಗುಡ್ಡ, ಊರು ಜಕ್ಕಣ್ಣ’ ಎಂದಿತ್ತು. ಯಾರೋ ಮನೆ ತಪ್ಪಿಸಿ ತುಂಬಿದ್ದರು. ಕೆಂಚವ್ವ ಅದಲು ಬದಲು ಮಾಡಿ ಬರೆದಳು. ಕರಡಿ ಜಕ್ಕಣ್ಣನಾಗಿ ಕೈಮುಗಿಯಿತು.

ಎರಡನೆಯ ಬಾಗಿಲಲ್ಲಿ ಒಂದು ಹೆಬ್ಬಾವು. ಅದರ ಬಂಡೆಯಲ್ಲಿ ಹೆಸರಿಗೆ ನಾಲ್ಕೇ ಅಕ್ಷರದ ಜಾಗ. "ನನ್ನ ಹೆಸರು ಹೊನ್ನಬಸವಾಂಬಿಕೆ. ಜಾಗ ಸಾಲಲಿಲ್ಲ ಎಂದು ಮಾಂತ್ರಿಕ ಹೆಸರಿನ ಬಾಲ ಕತ್ತರಿಸಿ ಹಾಕಿದ. ಅಂದಿನಿಂದ ಹೀಗಿದ್ದೇನೆ."

"ನಿಮ್ಮವ್ವ ಏನೆಂದು ಕರೆಯುತ್ತಿದ್ದಳು ಮಗಳೇ?"

ಹಾವಿನ ಕಣ್ಣಲ್ಲಿ ನೀರು ಬಂತು. "ಬಸವಿ ಅನ್ನುತ್ತಿದ್ದಳು."

ಕೆಂಚವ್ವ ‘ಬಸವಿ’ ಎಂದು ಬರೆದು, ಮಿಕ್ಕ ಒಂದು ಮನೆಗೆ ಸೊನ್ನೆ ಇಟ್ಟಳು. ಹೆಬ್ಬಾವು ಹುಡುಗಿಯಾಯಿತು.

ಮೂರನೆಯ ಬಾಗಿಲಲ್ಲಿ ಧೂಳಪ್ಪನೇ ಕೂತಿದ್ದ. "ಗಡಿಗೆ ತಗೋ ಮುದುಕಿ, ಬರೆದುಕೋ" ಎಂದು ನಕ್ಕ.

ಕೆಂಚವ್ವ ಈ ಸಲ ಮೂರು ಬಾರಿ ಯೋಚಿಸಿ ‘ಕೂಡಿಕೋ’ ಎಂದಳು. ಹುಡಿ ಹಾರಿ ಕಡತದಲ್ಲಿ ಸಾಲು ಸಾಲಾಗಿ ಕೂತಿತು. ದೇವೀರಿಯ ಹೆಸರು ಕಂಡಾಗ ಮುದುಕಿ ಅದನ್ನು ಸವರಲೂ ಹೆದರಿದಳು. ಆದರೆ ದಾರದ ಗಂಟು ಬೀಳಲಿಲ್ಲ. ಕಟ್ಟಿದಳು, ಜಾರಿತು. ಮತ್ತೆ ಕಟ್ಟಿದಳು, ಜಾರಿತು.

"ಬೆಳಿಗ್ಗೆ ನೀನೇ ಹೂಡಿದ ಸಾಲು ನೋಡು" ಎಂದ ಧೂಳಪ್ಪ. ಅಲ್ಲಿ ‘ಹೆಸರು’ ಎಂದಿತ್ತು, ಮುಂದೆ ಖಾಲಿ. "ಮನೆ ಖಾಲಿ ಇದ್ದರೆ ಗಂಟಿಲ್ಲ. ಗಂಟಿಲ್ಲದೆ ದೇವೀರಿ ಇಲ್ಲ. ದೇವೀರಿ ಇಲ್ಲದೆ ಹೆಸರು ಕರೆಯುವವರಿಲ್ಲ. ಇನ್ನು ಅರ್ಧ ಗಳಿಗೆಯಲ್ಲಿ ಹೊತ್ತು ಮುಳುಗುತ್ತದೆ."

ಬೆನ್ನ ಮೇಲಿನ ಕೂಸು ಹತ್ತಿಯಷ್ಟು ಹಗುರವಾಗುತ್ತಿತ್ತು. ಅಯ್ಯೋ, ಆ ಮುದಿ ಜೀವ ಏನು ಮಾಡಬೇಕು? ತಾಯಿಯೊಬ್ಬಳು ಬಾಯ್ತುಂಬ ಕರೆದ ಹೆಸರು ಬೇಕು. ಒಂದು ಹೆಸರು ಇಬ್ಬರಿಗೆ ಬಾರದು, ಇದ್ದ ಹೆಸರುಗಳೆಲ್ಲ ತಮ್ಮ ತಮ್ಮವರನ್ನು ಸೇರಿಯಾಗಿತ್ತು. ಅವಳಿಗೆ ತನ್ನ ಅವ್ವ ನೆನಪಾದಳು. ಹಿತ್ತಲಲ್ಲಿ ನಿಂತು "ಕೆಂಚೀ, ಉಣ್ಣೋಕೆ ಬಾರೇ" ಎಂದು ಕೂಗುತ್ತಿದ್ದವಳು.

ಕೆಂಚವ್ವ ಕಲ್ಲಿನ ಚೂರು ತೆಗೆದುಕೊಂಡು ರಟ್ಟಿನ ಮೇಲಿನ ತನ್ನ ಹೆಸರನ್ನು ಕೆರೆದು ಹಾಕಿದಳು. ಖಾಲಿ ಮನೆಯಲ್ಲಿ ‘ಕೆಂಚಿ, ಊರು ಬಳಪಗಿರಿ’ ಎಂದು ಬರೆದಳು. ಗಂಟು ಬಿಗಿಯಾಗಿ ಬಿತ್ತು. ತಿನ್ನಲು ಹೆಸರಿಲ್ಲದೆ ಧೂಳಪ್ಪ ತಾನೇ ಹುಡಿಯಾಗಿ ಗಾಳಿಗೆ ಹೋದ.

ಬಳಪಗಿರಿಯಲ್ಲಿ ಎಲ್ಲರೂ ಇದ್ದಲ್ಲೇ ಎದ್ದು ನಿಂತರು. ಮುದುಕಿ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಅವಳ ಹೆಸರು ಒಳಗಿನ ಸಾಲಿನಲ್ಲಿರದೆ ರಟ್ಟಿನ ಮೇಲಿದ್ದುದರಿಂದ ಜೀವವೇನೋ ಉಳಿಯಿತು, ಆದರೆ ಹೆಸರಿಲ್ಲದವಳ ಗುರುತು ಯಾರಿಗಿರುತ್ತದೆ? ದೇವೀರಿ ದೊನ್ನೆಯಲ್ಲಿ ಪಾಯಸ ತಂದು ಕೊಟ್ಟಳು.

"ಯಾವ ಊರಜ್ಜಿ ನಿಮ್ಮದು? ಹೆಸರಿಡುವ ದಿನ ಬಂದಿದ್ದೀರಿ, ಉಂಡು ಹೋಗಿ."

ಆಮೇಲೆ ತೊಟ್ಟಿಲಿಗೆ ಬಗ್ಗಿ, ತನಗೇ ತಿಳಿಯದಂತೆ ಬಾಯಿಗೆ ಬಂದ ಹೆಸರನ್ನು ಕರೆದಳು. "ಕೆಂಚೀ!"

"ಓ!" ಎಂದಳು ಬಾಗಿಲಲ್ಲಿದ್ದ ಮುದುಕಿ.

ದೇವೀರಿ ನಕ್ಕಳು. "ನಿಮ್ಮನ್ನಲ್ಲ ಅಜ್ಜಿ, ನನ್ನ ಮಗಳನ್ನು ಕರೆದದ್ದು."

"ಹೌದು ತಾಯಿ, ಕಿವಿ ಸರಿಯಿಲ್ಲ ನನಗೆ."

ಪಾಪ ಎಂದು ದೇವೀರಿ ಅವಳನ್ನು ತೊಟ್ಟಿಲು ತೂಗಲು ಇರಿಸಿಕೊಂಡಳು. ರಾಜ, ಪ್ರಜೆ, ಜಕ್ಕಣ್ಣ, ಬಸವಿ, ಎಲ್ಲರೂ ನೂರು ಕಾಲ ಚೆನ್ನಾಗಿ ಬಾಳಿದರು. ಮುದುಕಿಯೂ ಬಾಳಿದಳು. ಮನೆಯಲ್ಲಿ ಯಾರಾದರೂ "ಕೆಂಚೀ" ಎಂದಾಗ ಮಾತ್ರ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು.